ಒರೆ ಹೊಲಿದವರಾರು?

ಆಯುಧಗಳ ಚರಿತ್ರೆಯನ್ನು ಬರೆದವರು ಹಲವರುಂಟು. ಒರೆಗಳ ಚರಿತ್ರೆಯನ್ನು ಬರೆದವರು ವಿರಳ. ಕತ್ತಿಯ ಹೆಸರು ಕಾವ್ಯದಲ್ಲಿ ಉಳಿಯುತ್ತದೆ, ಶಾಸನದಲ್ಲಿ ಉಳಿಯುತ್ತದೆ, ವೀರಗಲ್ಲಿನ ಮೇಲೆ ಅದರ ಆಕಾರವೂ ಉಳಿಯುತ್ತದೆ. ಆ ಕತ್ತಿಯನ್ನು ಹೊದಿಸಿ ಕಾಪಾಡಿದ ತೊಗಲು ಮಾತ್ರ ನಮ್ಮ ಮಳೆಗೂ ಬಿಸಿಲಿಗೂ ಹುಳುವಿಗೂ ತುತ್ತಾಗಿ ಮಣ್ಣಾಗುತ್ತದೆ. ಒರೆಯ ಗತಿಯೇ ಇದಾದ ಮೇಲೆ ಒರೆ ಹೊಲಿದವನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ.

ಕನ್ನಡವನ್ನು ಪಾಠ ಹೇಳಿಕೊಂಡು ಬಂದ ನಾನು ತೊಗಲಿನ ವಿಚಾರಕ್ಕೆ ಏಕೆ ಕೈಹಾಕಿದೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಸಣ್ಣ ಕತ್ತಿಯಿದೆ. ಗ್ರಾಮಾಧಿಕಾರಗಳನ್ನು ರದ್ದುಮಾಡಿದ ಕಾಯಿದೆ 1963ರಲ್ಲಿ ಜಾರಿಗೆ ಬರುವವರೆಗೆ ಅಜ್ಜ ಶಾನುಭೋಗರಾಗಿದ್ದರು. ತೋಟದಲ್ಲಿ ಬಳ್ಳಿ ಕೊಯ್ಯುವುದಕ್ಕೂ, ಮನೆಯಲ್ಲಿ ಲೇಖನಿಯ ಕಡ್ಡಿಯನ್ನು ಹೆರೆಯುವುದಕ್ಕೂ ಅವರಿಗೆ ಅದೊಂದೇ ಕತ್ತಿ. ಅಲಗು ಇಂದಿಗೂ ಗಟ್ಟಿಯಾಗಿದೆ. ಅದರ ತೊಗಲಿನ ಒರೆ ಮಾತ್ರ ಈಚೆಗೆ ಪೆಟ್ಟಿಗೆಯಿಂದ ಹೊರತೆಗೆದಾಗ ಕೈಯಲ್ಲೇ ಪುಡಿಯಾಯಿತು. ನಿವೃತ್ತನಾದವನಿಗೆ ಹೊತ್ತಿಗೇನು ಬರ? ಹೊಸ ಒರೆಯೊಂದನ್ನು ನಾನೇ ಹೊಲಿದು ನೋಡೋಣವೆಂದು ಹೊರಟೆ.

ಕತ್ತಿ ಎಷ್ಟು ಹಳೆಯದೋ ಒರೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದಿರಬೇಕು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹ ದೊರೆಯಿತಷ್ಟೆ. ಅವನ ಬಳಿ ಕಲ್ಲಿನ ಅಲಗಿನ ಪುಟ್ಟ ಚೂರಿಯಿತ್ತು; ಆ ಚೂರಿಗೆ ಮರದ ನಾರಿನಿಂದ ಹೆಣೆದ ಒರೆಯೂ ಇತ್ತು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ, ಸಾವಿರ ವರ್ಷಗಳ ಹಿಂದಿನ ತೊಗಲಿನ ಒರೆಗಳು ದೊರೆತುವು. ಅಲ್ಲಿಯ ನೆಲ ಸದಾ ನೀರು ಹಿಡಿದ ನೆಲವಾದುದರಿಂದ ಗಾಳಿಯಾಡದೆ ತೊಗಲು ಉಳಿದುಕೊಂಡಿತು. ನಮ್ಮ ನೆಲಕ್ಕೆ ಆ ಗುಣವಿಲ್ಲ. ನಮಗೆ ಉಳಿದಿರುವುದು ಮಾತೊಂದೇ. ಕನ್ನಡದ ಒರೆ, ತೆಲುಗಿನ ಒರ, ತಮಿಳಿನ ಉಱೈ ಒಂದೇ ಬೇರಿನ ಚಿಗುರುಗಳು. ಈ ಭಾಷೆಗಳನ್ನು ಆಡಿದವರು ಕವಲೊಡೆದು ದೂರವಾಗುವುದಕ್ಕೆ ಮುಂಚೆಯೇ ಅಲಗಿಗೆ ಹೊದಿಕೆ ಮಾಡುತ್ತಿದ್ದರೆಂಬುದಕ್ಕೆ ಈ ಶಬ್ದವೇ ಸಾಕ್ಷಿ.

ನಮ್ಮ ಊರಿನ ಸಂತೆಬೀದಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. ಅವರ ಬಳಿಗೆ ಹೋಗಿ ನನ್ನ ಆಸೆಯನ್ನು ತಿಳಿಸಿದೆ. ಅವರು ನನ್ನ ಕೈಗಳನ್ನೊಮ್ಮೆ ನೋಡಿ, “ಬೆರಳು ನೋಯ್ತವೆ ಮೇಷ್ಟ್ರೇ” ಎಂದರು. “ನೋಯಲಿ ಯಜಮಾನರೇ” ಎಂದೆ. ಅವರು ನಕ್ಕು, ಕುಳಿತುಕೊಳ್ಳಲು ಮಣೆ ಸರಿಸಿದರು.

ಮೊದಲ ಪಾಠ ತೊಗಲನ್ನು ಆರಿಸುವುದು. ಇಂದು ಅಂಗಡಿಯಲ್ಲಿ ಸಿಗುವ ಮೆತ್ತನೆಯ ಚರ್ಮದಲ್ಲಿ ಬಹುಪಾಲು ಕ್ರೋಮಿಯಂ ಲವಣದಿಂದ ಹದಮಾಡಿದ್ದು. ಒದ್ದೆಮಾಡಿ ಅಚ್ಚಿಗೆ ಒತ್ತಿದರೂ ಅದು ಆಕಾರವನ್ನು ಹಿಡಿದು ನಿಲ್ಲುವುದಿಲ್ಲ. ಒರೆಗೆ ಬೇಕಾದುದು ತೊಗಟೆಯಿಂದ ಹದಮಾಡಿದ ಗಟ್ಟಿ ತೊಗಲು. ಅದನ್ನು ಹದಮಾಡುತ್ತಿದ್ದ ಹಳೆಯ ಕ್ರಮ ಹೀಗೆ: ಹಸಿ ಚಕ್ಕಳವನ್ನು ಸುಣ್ಣದ ನೀರಿನಲ್ಲಿ ಹಲವು ದಿನ ನೆನೆಹಾಕಿ, ಕೂದಲನ್ನೂ ಮಾಂಸದ ಪೊರೆಯನ್ನೂ ಹೆರೆದು ತೆಗೆದು, ಚೆನ್ನಾಗಿ ತೊಳೆದು, ಅದನ್ನೇ ಚೀಲದಂತೆ ಹೊಲಿದು ತೂಗುಹಾಕುತ್ತಾರೆ. ಆ ಚೀಲದೊಳಕ್ಕೆ ಜಾಲಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ತುಂಬಿ ನೀರು ಹೊಯ್ಯುತ್ತಾರೆ. ಒಗರು ನೀರು ತೊಗಲಿನ ಮೂಲಕ ಜಿನುಗುತ್ತದೆ. ಜಿನುಗಿದ್ದನ್ನು ಹಿಡಿದು ಮತ್ತೆ ಹೊಯ್ಯುತ್ತಾರೆ. ಅಥಣಿ, ನಿಪ್ಪಾಣಿಗಳ ಕಡೆ ತಯಾರಾಗಿ ಕೊಲ್ಹಾಪುರದ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಚಪ್ಪಲಿಗಳ ತೊಗಲಿಗೆ ಇದೇ ಸಂಸ್ಕಾರ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದುವು.

ಯಜಮಾನರು 3 ಮಿಲಿಮೀಟರ್ ದಪ್ಪದ ಒಂದು ತುಂಡನ್ನು ಕೊಟ್ಟರು. ಮೊದಲು ಕಾಗದದ ಮೇಲೆ ಕತ್ತಿಯನ್ನಿಟ್ಟು ಗೆರೆ ಎಳೆದು ಅಳತೆ ತೆಗೆಯಬೇಕು. ಅಲಗಿಗೆ ಸರಿಯಾಗಿಯೇ ಕತ್ತರಿಸಿದರೆ ಹೊಲಿಗೆಗೆ ಜಾಗವಿರುವುದಿಲ್ಲ. ನನ್ನ ಮೊದಲ ತುಂಡು ಹೀಗೆಯೇ ವ್ಯರ್ಥವಾಯಿತು. ಎರಡನೆಯದನ್ನು ರಂಪಿಗೆಯಿಂದ ಅವರೇ ಕತ್ತರಿಸಿಕೊಟ್ಟರು. ಮಡಿಸಿದ ಎರಡು ಪದರಗಳ ನಡುವೆ, ಅಲಗಿನ ಬಾಯಿಯ ಉದ್ದಕ್ಕೂ, ತೊಗಲಿನ ಇನ್ನೊಂದು ಸಣ್ಣ ಪಟ್ಟಿಯನ್ನು ಇಡಬೇಕು. ಹಾಗೆ ಇಡದಿದ್ದರೆ ಕತ್ತಿಯ ಹರಿತ ದಿನಕ್ಕಿಷ್ಟರಂತೆ ನೂಲನ್ನೇ ಕೊಯ್ಯುತ್ತದೆ. ಆಮೇಲೆ ಸಮನಾದ ಅಂತರದಲ್ಲಿ ಉಳಿಯಿಂದ ತೂತು ಮಾಡಿ, ಜೇನುಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೊಂದು ತೂತಿನಲ್ಲಿಯೂ ಎರಡು ಸೂಜಿಗಳನ್ನು ಎದುರುಬದುರಾಗಿ ಹಾಯಿಸಬೇಕು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ಹರಿದರೆ ಉಳಿದುದೂ ಸಡಿಲಿ ಬರುತ್ತದೆ. ಇಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಒಂದು ಗೇಣಿನ ಹೊಲಿಗೆಗೆ ನನಗೆ ಎರಡು ಮಧ್ಯಾಹ್ನ ಹಿಡಿದುವು. ಎಡಗೈಯ ತೋರುಬೆರಳಿಗೆ ಮೂರು ಸಲ ಉಳಿ ತಗುಲಿತು.

ಹೊಲಿದಾದ ಮೇಲೆ ಒರೆಯನ್ನು ನೀರಿನಲ್ಲಿ ಅದ್ದಿ, ಕತ್ತಿಯನ್ನು ಒಳಗಿಟ್ಟು, ಬೆರಳಿನಿಂದ ಒತ್ತಿ ಒತ್ತಿ ಅದರ ಆಕಾರಕ್ಕೆ ತರಬೇಕು. ಅಲಗಿಗೆ ಮೊದಲು ಮೇಣದ ಕಾಗದ ಸುತ್ತುವಂತೆ ಯಜಮಾನರು ಹೇಳಿದ್ದರು, ನಾನು ಮರೆತೆ. ಮರುದಿನ ನೋಡಿದರೆ, ಕಬ್ಬಿಣ ತಗುಲಿದಲ್ಲೆಲ್ಲ ತೊಗಲು ಕಪ್ಪಾಗಿದೆ. ತಿಕ್ಕಿದರೂ ಹೋಗದ ಕಪ್ಪು. ಅವರು ಅದನ್ನು ನೋಡಿ, “ಅಳಲೆಕಾಯಿಗೂ ಕಬ್ಬಿಣಕ್ಕೂ ಕೂಡಿದ್ರೆ ಮಸಿ ಆಗ್ತದಲ್ಲ, ನಿಮಗೆ ಗೊತ್ತಿಲ್ಲವೇ ಮೇಷ್ಟ್ರೇ?” ಎಂದರು.

ನನಗೆ ಗೊತ್ತಿರಲೇಬೇಕಾಗಿತ್ತು. ಅಜ್ಜ ಅಳಲೆಕಾಯಿಯನ್ನು ಜಜ್ಜಿ ನೆನೆಹಾಕಿ, ಆ ಕಷಾಯಕ್ಕೆ ಅನ್ನಭೇದಿಯನ್ನು, ಎಂದರೆ ಕಬ್ಬಿಣದ ಲವಣವನ್ನು, ಬೆರೆಸಿ ಮಸಿ ಮಾಡುತ್ತಿದ್ದುದನ್ನು ನಮ್ಮ ಮನೆಯಲ್ಲಿ ಹಲವು ಸಲ ಹೇಳಿ ಕೇಳಿದ್ದೇನೆ. ತೊಗಲನ್ನು ಕೊಳೆಯದಂತೆ ಕಾಯುವ ಒಗರೇ ಕಾಗದದ ಮೇಲೆ ಅಕ್ಷರವನ್ನು ಅಳಿಯದಂತೆ ನಿಲ್ಲಿಸಿತು. ಕೇರಿಯವನ ತೊಗಲಿಗೂ ಶಾನುಭೋಗರ ದಫ್ತರಕ್ಕೂ ಒಂದೇ ಕಾಯಿ.

ಆಗ ನನಗೆ ಬಹುಕಾಲ ನೆನಪಿಗೆ ಬಾರದಿದ್ದ ಒಂದು ಚಿತ್ರ ಕಣ್ಣಮುಂದೆ ಬಂತು. 1966ರ ಸುಮಾರಿರಬೇಕು, ನಾನು ಎಂಟು ವರ್ಷದ ಹುಡುಗ. ನಮ್ಮ ಹಿತ್ತಲ ಬೇಲಿಯ ಆಚೆ ಮುದುಕನೊಬ್ಬ ನಿಂತಿದ್ದ. ಕೈಯಲ್ಲಿದ್ದ ಹೊಸ ಒರೆಯನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದ. ಅಜ್ಜ ಕೂಲಿಯ ಕಾಸನ್ನು ಮೇಲಿನಿಂದ ಹಾಕಿ, ಒರೆಯ ಮೇಲೆ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡರು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನ ಜಾರಿಗೆ ಬಂದು ಆಗ 16 ವರ್ಷ. ಮೊನ್ನೆ ನನ್ನ ಕೈಯಲ್ಲಿ ಪುಡಿಯಾದುದು ಅದೇ ಒರೆ. ಆ ಮುದುಕನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕುಟುಕಿದ ಸಂಗತಿಯೊಂದುಂಟು. ಮೂವತ್ತು ವರ್ಷ ನಾನು ವಚನಗಳನ್ನು ಪಾಠ ಹೇಳಿದವನು. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಸಲಕರಣೆಗಳು ಬರುತ್ತವೆ. ಅವಕ್ಕೆ ಅಡಿಯಾಳಾಗದೆ ನಿನ್ನ ನಿಜವನ್ನು ಅರಿ ಎಂಬುದು ಅದರ ಧ್ವನಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಇದೇ ಚೆನ್ನಯ್ಯನನ್ನೂ, ತೊಗಲು ಹದಮಾಡುವ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಸಾರಿ ಹೇಳಿಕೊಂಡರು. ತರಗತಿಯಲ್ಲಿ ನಾನು ಉಳಿಯೆಂದರೆ ಇಂದ್ರಿಯ, ಕತ್ತಿಯೆಂದರೆ ಕರ್ಮ, ಗೂಂಟವೆಂದರೆ ದೇಹಭಾವ ಎಂದು ಸರಾಗವಾಗಿ ಅರ್ಥ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಉಳಿಯೆಂದರೆ ಮೊದಲು ಉಳಿಯೇ ಎಂಬುದು ನನಗೆ ಹೊಳೆದಿರಲಿಲ್ಲ. ಗೂಂಟವೆಂದರೆ ತೊಗಲಿನ ಏಟಿಗೆ ಅಡಿಯಾಗಿ ನಿಲ್ಲುವ ಮರದ ತುಂಡು; ಅದರ ಮುಂದೆ ದಿನವೆಲ್ಲ ಬಾಗಿ ಕುಳಿತವನ ಬೆನ್ನು ಏನೆನ್ನುತ್ತದೆಂದು ನಾನು ಕೇಳಿರಲಿಲ್ಲ. ಸಲಕರಣೆಯನ್ನು ಬಾಳೆಲ್ಲ ಹಿಡಿದ ಕೈಗೆ ಮಾತ್ರ, ಅದಕ್ಕೆ ಆಳಾಗೆನು ಎಂದು ಹೇಳುವ ಅಧಿಕಾರವುಂಟು. ಹಿಡಿಯದೆಯೇ ಅದನ್ನು ರೂಪಕವೆಂದು ದಾಟಿಹೋದ ನನ್ನಂಥವನು ಅಜ್ಜನಂತೆ ನೀರು ಚಿಮುಕಿಸಿ ಎತ್ತಿಕೊಂಡವನೇ ಸರಿ. ನನ್ನ ನೀರು ಪಾಂಡಿತ್ಯದ್ದು, ಅಷ್ಟೇ ವ್ಯತ್ಯಾಸ.

ಒರೆ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿರುವುದನ್ನು ನೀವು ಬಲ್ಲಿರಿ. ಚಿನ್ನವನ್ನು ಉಜ್ಜಿ ನೋಡುವುದೂ ಒರೆಯೇ. ಎರಡರ ಮೂಲ ಬೇರೆ ಬೇರೆಯಿರಬಹುದು; ನನ್ನ ಪಾಲಿಗೆ ಮಾತ್ರ ಅವೆರಡೂ ಆ ಎರಡು ಮಧ್ಯಾಹ್ನಗಳಲ್ಲಿ ಒಂದಾದುವು.

ಒರೆಯೀಗ ಮುಗಿದಿದೆ. ಹೊಲಿಗೆ ಸೊಟ್ಟ, ಮೈಮೇಲೆ ಮಸಿಯ ಕಲೆ. ಯಜಮಾನರಿಗೆ ತೋರಿಸಿದಾಗ ಅವರು ಎಳೆದು ನೋಡಿ, ಹೊಲಿಗೆ ಬಿಡುವುದಿಲ್ಲ ಎಂದರು. ನಾನು ಅವರ ಹೆಸರನ್ನೂ ಅವರ ತಂದೆಯ ಹೆಸರನ್ನೂ ಕೇಳಿ ಬರೆದುಕೊಂಡೆ. ಏಕೆಂದು ಅವರು ವಿಚಾರಿಸಿದರು. ಉತ್ತರ ಹೇಳಲು ನನಗೆ ಸುಲಭವಾಗಲಿಲ್ಲ. ಹೊರಡುವಾಗ ಅವರು ಕೊಟ್ಟ ಕೊನೆಯ ಬುದ್ಧಿಮಾತು ಇದು: ಕತ್ತಿಯನ್ನು ಒರೆಯಲ್ಲಿಯೇ ಬಹುದಿನ ಬಿಡಬೇಡಿ, ತೊಗಲಿನ ಒಗರಿಗೆ ತುಕ್ಕು ಹಿಡಿದೀತು. ಅದರಂತೆ ಈಗ ಅಜ್ಜನ ಕತ್ತಿ ನನ್ನ ಮೇಜಿನ ಮೇಲೆ ಒಂದು ಕಡೆ, ನಾನು ಹೊಲಿದ ಒರೆ ಅದರ ಪಕ್ಕದಲ್ಲಿ.