ಆಸ್ವೀಗೋ ಚಹಾ ಎಂಬ ಕೆಂಪು ಹೂವು

ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಕತೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1773ರ ಡಿಸೆಂಬರ್ 16ರ ರಾತ್ರಿ, 342 ಪೆಟ್ಟಿಗೆ! ಚಹಾ ಚೀನಾದ್ದು, ಮಾರಲು ಕಳಿಸಿದ್ದು ನಮಗೆ ಚೆನ್ನಾಗಿಯೇ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿ. ಸರಿ, ಎಸೆದರು. ಆಮೇಲೆ ಕುಡಿದದ್ದೇನು?

ಕಂಪನಿ ಚಹಾ ಬಿಟ್ಟವರು ನಾನಾ ಸೊಪ್ಪುಗಳನ್ನು ಕುದಿಸಿ ಕುಡಿದರು. ಅವುಗಳಲ್ಲೊಂದು ಆಸ್ವೀಗೋ ಚಹಾ. ಸಸ್ಯಶಾಸ್ತ್ರದಲ್ಲಿ ಮೊನಾರ್ಡಾ ಡಿಡಿಮಾ, ತೋಟದವರ ಬಾಯಲ್ಲಿ ಬೀ ಬಾಮ್. ಉತ್ತರ ಅಮೆರಿಕದ ಪೂರ್ವಭಾಗದ ಹೊಳೆದಂಡೆ, ಕಾಡಂಚುಗಳಲ್ಲಿ ವರ್ಷ ವರ್ಷವೂ ಬುಡದಿಂದ ಚಿಗುರುವ ಕಾಡುಹೂ. ನಮ್ಮ ತುಳಸಿ, ಪುದೀನಾಗಳ ಕುಟುಂಬದ್ದೇ. ಅದೇ ಚೌಕ ಕಾಂಡ, ಎದುರುಬದುರು ಎಲೆ, ತಿಕ್ಕಿದರೆ ಘಮ. ತುದಿಯಲ್ಲಿ ಮಾತ್ರ ಕೆದರಿದ ತಲೆಯಂಥ ಕಡುಗೆಂಪು ಹೂ.

ಫಿಲಡೆಲ್ಫಿಯಾದ ಜಾನ್ ಬಾರ್ಟ್ರಮ್ ಒಬ್ಬ ರೈತ. ಗಿಡಗಳ ಹುಚ್ಚು. 1743ರಲ್ಲಿ ಒನೊಂಡಾಗಾ ಜನರ ನಾಡಿನ ಮೂಲಕ ಒಂಟಾರಿಯೋ ಸರೋವರದ ದಂಡೆಯ ಆಸ್ವೀಗೋವರೆಗೆ ಹೋದ. ಅಲ್ಲಿ ಸಿಕ್ಕ ಈ ಗಿಡದ ಬೀಜವನ್ನು ಲಂಡನ್ನಿನ ಬಟ್ಟೆ ವ್ಯಾಪಾರಿ ಗೆಳೆಯ ಪೀಟರ್ ಕಾಲಿನ್ಸನ್‌ಗೆ ಕಳಿಸಿದ. ಹೀಗೆ ಹೊಳೆದಂಡೆಯ ಹೂ ಇಂಗ್ಲೆಂಡಿನ ತೋಟ ಸೇರಿತು.

ಹೆಸರಿನ ಕತೆ ಕೇಳಿ. 1753ರಲ್ಲಿ ಲಿನೇಯಸ್ ಈ ಕುಲಕ್ಕೆ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್‌ನ ಹೆಸರನ್ನು ಗಟ್ಟಿ ಮಾಡಿದ. ಆತ ಸೆವಿಲ್‌ನಲ್ಲೇ ಕುಳಿತು ಅಮೆರಿಕದ ಔಷಧ ಗಿಡಗಳ ಬಗ್ಗೆ ಪುಸ್ತಕ ಬರೆದವನು, ಒಮ್ಮೆಯೂ ಅಲ್ಲಿಗೆ ಹೋದವನಲ್ಲ! ನೆಗಡಿ, ಜ್ವರ, ಹೊಟ್ಟೆನೋವಿಗೆ ಈ ಎಲೆ ಬಳಸುತ್ತಿದ್ದ ಚೆರೋಕಿಗಳಂಥ ಮೂಲನಿವಾಸಿಗಳ ಹೆಸರು ಎಲ್ಲೂ ಇಲ್ಲ. ಊರಿನ ನೆನಪಾದರೂ ಉಳಿದದ್ದು 'ಆಸ್ವೀಗೋ ಚಹಾ' ಎಂಬ ಆಡುಮಾತಿನ ಹೆಸರಲ್ಲಿ.

ಇನ್ನೊಂದು ವಿಷಯ. ಇದಕ್ಕೆ ಬರ್ಗಮಾಟ್ ಅಂತಲೂ ಅನ್ನುತ್ತಾರೆ, ಆದರೆ ಅರ್ಲ್ ಗ್ರೇ ಚಹಾದ ಘಮ ಇದರದ್ದಲ್ಲ, ಅದೇ ಹೆಸರಿನ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯದ್ದು. ಮೊನಾರ್ಡಾ ಕುಲದ ಕೆಲವು ಗಿಡಗಳಿಗೆ ನಮ್ಮ ಓಮದ ವಾಸನೆ ಇದೆ. ಎರಡರಲ್ಲೂ ಇರುವುದು ಥೈಮಾಲ್. ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದ ಓಮಕಾಳು ಜರ್ಮನಿಗೆ ಹೋಗಿ ಥೈಮಾಲ್ ಆಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ, ಅಮೆರಿಕದ ಕೃಷಿ ಇಲಾಖೆ ಮೊನಾರ್ಡಾ ಪಂಕ್ಟಾಟಾ ಎಂಬ ದಾಯಾದಿ ಗಿಡದಿಂದ ಥೈಮಾಲ್ ತೆಗೆಯುವ ಪ್ರಯೋಗ ನಡೆಸಿತು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಆರು ತಿಂಗಳು ಇರುವವರು ಹಿತ್ತಲಲ್ಲಿ ನೆಟ್ಟು ನೋಡಬಹುದು. ಮುಂಬೈ, ಚೆನ್ನೈ ಬಾಲ್ಕನಿಗೆ ಇದು ಹೇಳಿಸಿದ್ದಲ್ಲ, ಚಳಿಗಾಲದ ನಿದ್ದೆ ಬೇಕು. ಮಣ್ಣಲ್ಲಿ ತೇವ ಇರಲಿ, ಬೆಳಗಿನ ಬಿಸಿಲು ಬೀಳಲಿ. ಒತ್ತೊತ್ತಾಗಿ ನೆಟ್ಟರೆ ಎಲೆಗೆ ಬೂದಿ ರೋಗ ಖಂಡಿತ, ಗಾಳಿಯಾಡಲು ಜಾಗ ಬಿಡಿ. ಬೇಸಿಗೆಯ ನಡುವೆ ಹೂ ಬಂದಾಗ ಹಮ್ಮಿಂಗ್ ಬರ್ಡ್‌ಗಳು ಹುಡುಕಿಕೊಂಡು ಬರುತ್ತವೆ. ಬೇರು ಸುತ್ತಲೂ ಹಬ್ಬುತ್ತಾ ಹೋದ ಹಾಗೆ ಮೂಲ ಬುಡ ಬರಡಾಗುತ್ತದೆ. ಮೂರು ವರ್ಷಕ್ಕೊಮ್ಮೆ ಅಗೆದು ಅಂಚಿನ ಎಳೆ ಚಿಗುರುಗಳನ್ನು ಬೇರೆ ಕಡೆ ನೆಡಬೇಕು. ಬೇರೂರಿದವು ಉಳಿಯುತ್ತವೆ. ಮಿಕ್ಕಿದ್ದನ್ನು ನೆರೆಮನೆಯವರಿಗೆ ಕೊಡಿ. ಕೊಡುವಾಗ ಆ ಊರಿನ ಹೆಸರನ್ನೂ ಹೇಳಿ ಕೊಡಿ.