ಮನೆ ಸ್ಪೀಕರು ಮತ್ತು ಮನುಷ್ಯನ ದನಿ

ಮನೆಯಲ್ಲಿ ಸಂಗೀತ ಕೇಳುವ ಸ್ಪೀಕರುಗಳ ಮೂಲ ವಿನ್ಯಾಸ 1925ರದು. ಕಾಂತಕ್ಷೇತ್ರದಲ್ಲಿ ಆಡುವ ತಂತಿಸುರುಳಿ ಕೋನನ್ನು ನೂಕಿ ಗಾಳಿ ಕಂಪಿಸುವಂತೆ ಮಾಡುವ ಏರ್ಪಾಡನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆ ವರ್ಷ ವಿವರಿಸಿದರು. 1954ರಲ್ಲಿ ಎಡ್ಗರ್ ವಿಲ್ಚರ್ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿ, ಚಿಕ್ಕ ಪೆಟ್ಟಿಗೆಯಿಂದಲೂ ಮಂದ್ರಸ್ವರ ಹೊರಡಿಸಿದರು. 1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಪೆಟ್ಟಿಗೆಯನ್ನೇ ಕೈಬಿಟ್ಟು, ತೆಳು ಪ್ಲಾಸ್ಟಿಕ್ ಹಾಳೆಯನ್ನು ವಿದ್ಯುತ್ ಕ್ಷೇತ್ರದಿಂದ ಅಲುಗಿಸುವ ಕ್ವಾಡ್ ಸ್ಪೀಕರನ್ನು ತಂದರು. ಮಧ್ಯಮ ಸ್ವರಗಳ ನಿಚ್ಚಳತೆಯಲ್ಲಿ ಅದು ಹಾಕಿಕೊಟ್ಟ ಮಟ್ಟ ಇಂದಿಗೂ ಅಳತೆಗೋಲಾಗಿದೆ.

ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕೆಲಸ ನಡೆದದ್ದು ಬಿಬಿಸಿಯ ಸಂಶೋಧನಾ ವಿಭಾಗದಲ್ಲಿ. ಸ್ಟುಡಿಯೊದಲ್ಲಿ ಒಬ್ಬರು ಮಾತಾಡುವುದನ್ನು ನೇರವಾಗಿ ಕೇಳಿ, ಅದೇ ದನಿಯನ್ನು ಪಕ್ಕದ ಕೋಣೆಯ ಸ್ಪೀಕರಿನಲ್ಲಿ ಆಲಿಸಿ ಹೋಲಿಸುವುದು ಅಲ್ಲಿನ ಕ್ರಮ. ಮನುಷ್ಯನ ದನಿಯಲ್ಲಾಗುವ ಸಣ್ಣ ವ್ಯತ್ಯಾಸವನ್ನೂ ಕಿವಿ ಗುರುತಿಸುತ್ತದೆ. ಸಂಗೀತ ಮರೆಮಾಚುವ ದೋಷಗಳು ಮಾತಿನಲ್ಲಿ ಬಯಲಾಗುತ್ತವೆ. ಕಾಗದದ ಗುಣ ಒಂದು ಕೋನಿನಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದುದರಿಂದ ಅದರ ಬದಲಿಗೆ ಬೆಕ್ಸ್‌ಟ್ರೀನ್ ಪ್ಲಾಸ್ಟಿಕ್ ಬಂತು. ಪೆಟ್ಟಿಗೆಯ ಗೋಡೆ ದಪ್ಪಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನೂ ಡಡ್ಲಿ ಹಾರ್ವುಡ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷೆಗೊಡ್ಡಿದರು. ತೆಳು ಪ್ಲೈವುಡ್ಡಿಗೆ ಕಂಪನ ನುಂಗುವ ಹಾಳೆ ಅಂಟಿಸಿದರೆ ಗೋಡೆಯ ಅನುರಣನ ಕೆಳಗಿನ ಆವೃತ್ತಿಗಳಿಗೆ ಇಳಿದು ದುರ್ಬಲವಾಗುತ್ತದೆ. ಕಿವಿ ಅತಿ ಸೂಕ್ಷ್ಮವಾಗಿರುವ ಮಧ್ಯಮ ಶ್ರೇಣಿ ಶುದ್ಧವಾಗಿ ಉಳಿಯುತ್ತದೆ.

1970ರ ದಶಕದ ಎಲ್‌ಎಸ್3/5ಎ ಸ್ಪೀಕರು ಈ ಚಿಂತನೆಯ ಪ್ರಸಿದ್ಧ ಫಲ. ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಅದರ ಎತ್ತರ ಸುಮಾರು 30 ಸೆಂ.ಮೀ. ಮಾತ್ರ. ಅದರ ಮಂದ್ರ ಸೀಮಿತ, ಸಂವೇದನಾಶೀಲತೆ ಸುಮಾರು 83 ಡೆಸಿಬೆಲ್; ಆದರೂ ಹಾಡುಗಾರರ ಕಂಠವನ್ನು ಅಷ್ಟು ಸಹಜವಾಗಿ ಕೇಳಿಸುವ ಸ್ಪೀಕರುಗಳು ಅಪರೂಪ. ಬಿಬಿಸಿಯ ಸ್ಪೆನ್ಸರ್ ಹ್ಯೂಸ್ ಕಟ್ಟಿದ ಸ್ಪೆಂಡರ್, ಹಾರ್ವುಡ್ 1977ರಲ್ಲಿ ಸ್ಥಾಪಿಸಿದ ಹಾರ್ಬೆತ್ ಈ ವಿದ್ಯೆಯನ್ನು ಮನೆಗಳಿಗೆ ತಲುಪಿಸಿದವು. ಈ ಪರಂಪರೆಯನ್ನು ಹಳೆಗಾಲದ ಮೆದು ಇಂಪೆಂದು ಬಣ್ಣಿಸುವುದು ಈಗ ವಾಡಿಕೆಯಾಗಿದೆ. ಆದರೆ ಅದು ಬೆಳೆದದ್ದು ಇಂಪಿನ ಹುಡುಕಾಟದಿಂದಲ್ಲ, ಎದುರಿಗಿದ್ದ ದನಿಯೊಡನೆ ತಾಳೆ ನೋಡುವ ಶಿಸ್ತಿನಿಂದ.

ಈ ನಡುವೆ ಚರ್ಚೆ ಸ್ಪೀಕರಿನಿಂದ ಬೇರೆಡೆಗೆ ಸರಿಯತೊಡಗಿತ್ತು. 1972ರಲ್ಲಿ ಬಂದ ಲಿನ್ ಸಾಂಡೆಕ್ ಎಲ್‌ಪಿ12 ಟರ್ನ್‌ಟೇಬಲ್, ರೆಕಾರ್ಡು ತಿರುಗಿಸುವ ಯಂತ್ರವೇ ಮುಖ್ಯವೆಂಬ ವಾದಕ್ಕೆ ಬಲ ಕೊಟ್ಟಿತು. 1982ರಲ್ಲಿ ಸಿ.ಡಿ. ಬಂದಾಗ ಚರ್ಚೆ ಡಿಜಿಟಲ್ ಕಡೆಗೆ ಹೊರಳಿತು. ಮುಂದೆ ದುಬಾರಿ ಕೇಬಲ್ಲುಗಳೂ ಪತ್ರಿಕೆಗಳ ಪುಟ ತುಂಬಿದವು. ಸ್ಪೀಕರು ಮತ್ತು ಕೋಣೆ ಸೇರಿ ಉಂಟುಮಾಡುವ ವ್ಯತ್ಯಾಸದೆದುರು ಕೇಬಲ್ಲಿನ ಪ್ರಭಾವ ನಗಣ್ಯ. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ನಡೆಸಿದ ಪರೀಕ್ಷೆಗಳು ಚರ್ಚೆಯನ್ನು ಮತ್ತೆ ಸ್ಪೀಕರಿಗೆ ತಂದವು. ಯಾವ ಸ್ಪೀಕರೆಂದು ತಿಳಿಯದೆ ಕೇಳಿದ ಶ್ರೋತೃಗಳು ನೇರಕ್ಕೂ ಪಕ್ಕಕ್ಕೂ ಸಮತೋಲದ ಧ್ವನಿ ಹೊಮ್ಮಿಸುವುದನ್ನೇ ಬಹುಮಟ್ಟಿಗೆ ಮೆಚ್ಚಿದರು.

ಅಳತೆಯ ವಿಧಾನ ಹೀಗೆ ಬಲಗೊಂಡರೂ ಹೋಲಿಕೆಯ ಆಧಾರ ಸಡಿಲವಾಗಿಯೇ ಉಳಿದಿದೆ. ಇಂದಿನ ವಿಮರ್ಶೆ ಬಹುಪಾಲು ರೆಕಾರ್ಡುಗಳನ್ನೇ ನೆಚ್ಚಿದೆ. ಆ ರೆಕಾರ್ಡುಗಳ ಧ್ವನಿಯನ್ನು ಹದಗೊಳಿಸಿದ್ದೂ ಇನ್ನಾವುದೋ ಸ್ಪೀಕರಿನ ಮುಂದೆಯೇ. ಈ ಸುತ್ತಿನಿಂದ ಹೊರಬರಲು ದುಬಾರಿ ಸಾಧನಗಳು ಬೇಕಿಲ್ಲ. ಒಂದು ಒಳ್ಳೆಯ ಮೈಕು, ಪರಿಚಿತ ದನಿ ಮತ್ತು ಪಕ್ಕದ ಕೋಣೆ ಸಾಕು.