ಅಭ್ಯರ್ಥಿಯ ಗತಕಾಲ, ಮತದಾರನ ಹಕ್ಕು

ಚುನಾವಣೆಗೆ ನಿಂತವರು ತಮ್ಮ ಹಿಂದಿನ ಬದುಕಿನ ತಪ್ಪುಗಳನ್ನು ಮತದಾರರಿಗೆ ತಿಳಿಸಬೇಕೆ? ಪ್ರಜಾಪ್ರಭುತ್ವದ ಈ ಹಳೆಯ ಪ್ರಶ್ನೆಯನ್ನು ಅಮೆರಿಕದ 1884ರ ಅಧ್ಯಕ್ಷೀಯ ಚುನಾವಣೆಯು ಸ್ಪಷ್ಟವಾಗಿ ಮುಂದಿಟ್ಟಿತು.

ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಗ್ರೋವರ್ ಕ್ಲೀವ್‌ಲ್ಯಾಂಡ್ ಆಗ ನ್ಯೂಯಾರ್ಕ್ ರಾಜ್ಯದ ಗವರ್ನರ್. ಪ್ರಾಮಾಣಿಕ ಆಡಳಿತಗಾರರೆಂದು ಹೆಸರಾದವರು. ಜುಲೈ ತಿಂಗಳಲ್ಲಿ ಬಫಲೋ ನಗರದ ಪತ್ರಿಕೆಯೊಂದು, ಅವಿವಾಹಿತರಾದ ಅವರಿಂದ ಮರಿಯಾ ಹಾಲ್ಪಿನ್ ಎಂಬ ವಿಧವೆಗೆ 1874ರಲ್ಲಿ ಮಗು ಜನಿಸಿತ್ತೆಂದು ಪ್ರಕಟಿಸಿತು. ಏನು ಉತ್ತರಿಸಬೇಕೆಂದು ಗೆಳೆಯರು ಕೇಳಿದಾಗ, ನಿಜವನ್ನೇ ಹೇಳಿ ಎಂದು ಕ್ಲೀವ್‌ಲ್ಯಾಂಡ್ ತಂತಿ ಕಳುಹಿಸಿದರು. ಆ ಸಂಬಂಧವನ್ನು ಅವರು ಅಲ್ಲಗಳೆಯಲಿಲ್ಲ.

ಎದುರಾಳಿ ಜೇಮ್ಸ್ ಬ್ಲೇನ್ ಅವರ ಮೇಲೆ ಅಧಿಕಾರದಲ್ಲಿದ್ದಾಗ ರೈಲ್ವೆ ಕಂಪನಿಗಳಿಂದ ಲಾಭ ಪಡೆದ ಆರೋಪವಿತ್ತು. ಒಬ್ಬರದು ಖಾಸಗಿ ತಪ್ಪು, ಇನ್ನೊಬ್ಬರದು ಸಾರ್ವಜನಿಕ ತಪ್ಪು ಎಂದು ಹಲವರು ವಾದಿಸಿದರು. ನಿರ್ಣಾಯಕವಾದ ನ್ಯೂಯಾರ್ಕ್ ರಾಜ್ಯದಲ್ಲಿ ಕೇವಲ ಸಾವಿರ ಚಿಲ್ಲರೆ ಮತಗಳಿಂದ ಮುಂದೆ ಬಂದ ಕ್ಲೀವ್‌ಲ್ಯಾಂಡ್ ಅಧ್ಯಕ್ಷರಾದರು.

ಸತ್ಯಕ್ಕೆ ಜಯ ದೊರೆತ ಕಥೆಯೆಂದು ಇದನ್ನು ಹೇಳುವುದುಂಟು. ಆದರೆ ಹಾಲ್ಪಿನ್ ಅವರ ಮಗುವನ್ನು ಅನಾಥಾಲಯಕ್ಕೆ ಸೇರಿಸಲಾಗಿತ್ತು. ಅವರನ್ನೇ ಕೆಲಕಾಲ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಲಾಗಿತ್ತು. ತಮ್ಮ ಮೇಲೆ ಬಲಾತ್ಕಾರ ನಡೆದಿತ್ತೆಂದು 1884ರ ಅಕ್ಟೋಬರ್‌ನಲ್ಲಿ ಅವರು ಪ್ರಮಾಣ ಮಾಡಿ ಹೇಳಿಕೆ ನೀಡಿದರು. ಆ ಚುನಾವಣೆಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕೇ ಇರಲಿಲ್ಲ. ಅಭ್ಯರ್ಥಿಯ ಒಪ್ಪಿಗೆಯನ್ನು ಜನ ಮೆಚ್ಚಿದರು. ನೊಂದವರ ಮಾತು ಬದಿಗೆ ಸರಿಯಿತು.

ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕೆಂದು ಸಾರಿತು. 2003ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ನಾಮಪತ್ರದೊಡನೆ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾರ್ಹತೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ನ್ಯಾಯಾಲಯದ ಮೆಟ್ಟಿಲೇರದ ವೈಯಕ್ತಿಕ ತಪ್ಪುಗಳನ್ನು ಈ ಪತ್ರ ಕೇಳುವುದಿಲ್ಲ. ಎಲ್ಲವನ್ನೂ ಕೇಳಹೊರಟರೆ ಚುನಾವಣೆ ಚಾಡಿಯ ಸಂತೆಯಾದೀತು.

ಹಾಗಾದರೆ ಗೆರೆ ಎಲ್ಲಿ? ತನಗಷ್ಟೇ ಸಂಬಂಧಿಸಿದ ದೌರ್ಬಲ್ಯವು ಖಾಸಗಿಯಾಗಿಯೇ ಉಳಿಯಬಹುದು. ಇನ್ನೊಬ್ಬರಿಗೆ ಅನ್ಯಾಯವಾಗಿದ್ದರೆ, ಅಧಿಕಾರ ಕೇಳಲು ಬಂದವರು ಅದಕ್ಕೆ ಉತ್ತರ ಹೇಳಲೇಬೇಕು. ಆಗ ಮತದಾರರು ಅಭ್ಯರ್ಥಿಯ ಮಾತಿನೊಂದಿಗೆ ನೊಂದವರ ಮಾತನ್ನೂ ಆಲಿಸಬೇಕು. 1884ರ ಚುನಾವಣೆ ಕಲಿಸುವ ಪಾಠ ಇದೇ.